ವಿಜ್ಞಾನಿ ಪರಿಚಯ: ಪ್ರೋಟೀನುಗಳಲ್ಲಿ ಬಂಧುತ್ವ ಓದಿದ ಮಾರ್ಗರೆಟ್ ಡೇಹಾಫ್

ಜೀವವಿಕಾಸದ ಪಾಠದಲ್ಲಿ ಪಳೆಯುಳಿಕೆಗಳನ್ನೂ, ಮನುಷ್ಯನ ಕೈ ಮತ್ತು ಬಾವಲಿಯ ರೆಕ್ಕೆಯ ಮೂಳೆಗಳ ಹೋಲಿಕೆಯನ್ನೂ ಸಾಕ್ಷ್ಯವಾಗಿ ಹೇಳುತ್ತೇವೆ. ಇದಕ್ಕಿಂತ ಸೂಕ್ಷ್ಮವಾದ ಸಾಕ್ಷ್ಯ ಪ್ರೋಟೀನುಗಳಲ್ಲಿದೆ. ಅದನ್ನು ಕಂಪ್ಯೂಟರಿನ ನೆರವಿನಿಂದ ಓದಲು ದಾರಿ ಮಾಡಿದವರು ಮಾರ್ಗರೆಟ್ ಓಕ್ಲಿ ಡೇಹಾಫ್.

ಅವರು ಹುಟ್ಟಿದ್ದು 1925ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. 1945ರಲ್ಲಿ ಗಣಿತದಲ್ಲಿ ಪದವಿ ಪಡೆದು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕ್ವಾಂಟಮ್ ರಸಾಯನಶಾಸ್ತ್ರದ ಸಂಶೋಧನೆ ಕೈಗೊಂಡರು. ಅಣುಗಳ ಶಕ್ತಿಯನ್ನು ಲೆಕ್ಕ ಹಾಕಲು ರಂಧ್ರಪತ್ರಗಳ ಯಂತ್ರಗಳನ್ನು ಬಳಸಿದರು. ಮದುವೆಯ ನಂತರ ಇಬ್ಬರು ಹೆಣ್ಣುಮಕ್ಕಳ ಪಾಲನೆಗಾಗಿ ಕೆಲವು ವರ್ಷ ಸಂಶೋಧನೆಯಿಂದ ದೂರವಿದ್ದು, 1960ರಲ್ಲಿ ನ್ಯಾಷನಲ್ ಬಯೋಮೆಡಿಕಲ್ ರಿಸರ್ಚ್ ಫೌಂಡೇಶನ್ ಸೇರಿದರು.

ಆಗಷ್ಟೇ ಪ್ರಪಂಚದ ಬೇರೆಬೇರೆ ಪ್ರಯೋಗಾಲಯಗಳಿಂದ ಪ್ರೋಟೀನುಗಳ ಅಮೈನೊ ಆಮ್ಲಗಳ ಅನುಕ್ರಮಗಳು ಒಂದೊಂದಾಗಿ ಪ್ರಕಟವಾಗುತ್ತಿದ್ದವು. ಡೇಹಾಫ್ ಮತ್ತು ಸಂಗಡಿಗರು ಅವುಗಳನ್ನು ಒಟ್ಟುಗೂಡಿಸಿ, ಪರಿಶೀಲಿಸಿ, 1965ರಲ್ಲಿ ಪ್ರೋಟೀನುಗಳ ಅಟ್ಲಾಸ್ ಪ್ರಕಟಿಸಿದರು. ಮೊದಲ ಆವೃತ್ತಿಯಲ್ಲಿ ಇದ್ದದ್ದು 65 ಪ್ರೋಟೀನುಗಳು. ಉದ್ದನೆಯ ಹೆಸರುಗಳ ಬದಲು ಪ್ರತಿ ಅಮೈನೊ ಆಮ್ಲಕ್ಕೂ ಒಂದೊಂದೇ ಅಕ್ಷರ ಕೊಡುವ ಪದ್ಧತಿಯನ್ನು ರೂಪಿಸಿದವರೂ ಅವರೇ. ಇಂದಿಗೂ ಅದೇ ಬಳಕೆಯಲ್ಲಿದೆ.

ಹೀಗೆ ಸಾಲಾಗಿ ಜೋಡಿಸಿದಾಗ ಬಂಧುತ್ವ ಕಣ್ಣಿಗೆ ಕಂಡಿತು. ಉಸಿರಾಟ ಕ್ರಿಯೆಗೆ ಬೇಕಾದ ಸೈಟೋಕ್ರೋಮ್ ಸಿ ಪ್ರೋಟೀನನ್ನೇ ನೋಡೋಣ. ಮನುಷ್ಯನಲ್ಲಿ ಇದಕ್ಕೆ 104 ಅಮೈನೊ ಆಮ್ಲಗಳು. ಚಿಂಪಾಂಜಿಯಲ್ಲಿ ಒಂದೂ ವ್ಯತ್ಯಾಸವಿಲ್ಲ, ರೀಸಸ್ ಕೋತಿಯಲ್ಲಿ ಒಂದು, ಕುದುರೆಯಲ್ಲಿ 12. ಬ್ರೆಡ್ ಉಬ್ಬಿಸುವ ಯೀಸ್ಟಿನಲ್ಲಿ ಕೂಡ ಅರ್ಧಕ್ಕಿಂತ ಹೆಚ್ಚು ಸ್ಥಾನಗಳು ನಮ್ಮಂತೆಯೇ ಇವೆ. ಇಂಥ ವ್ಯತ್ಯಾಸಗಳ ಆಧಾರದ ಮೇಲೆ ಅವರು ಕಂಪ್ಯೂಟರಿನಿಂದ ವಂಶವೃಕ್ಷಗಳನ್ನು ರಚಿಸಿದರು.

ಕೆಲವು ಸ್ಥಾನಗಳು ಕೋಟ್ಯಂತರ ವರ್ಷ ಬದಲಾಗದೆ ಉಳಿದದ್ದೇಕೆ? ವಂಶವಾಹಿಯಲ್ಲಿ ಉತ್ಪರಿವರ್ತನೆ ಎಲ್ಲಿ ಬೇಕಾದರೂ ಆಗಬಹುದು. ಆದರೆ ಪ್ರೋಟೀನಿನ ಕೆಲಸವನ್ನೇ ಕೆಡಿಸುವ ಬದಲಾವಣೆ ಇರುವ ಜೀವಿ ಉಳಿದು ಸಂತಾನ ಬೆಳೆಸುವುದು ಕಷ್ಟ. ಆದ್ದರಿಂದ ಅಂಥ ಬದಲಾವಣೆ ಮುಂದಿನ ಪೀಳಿಗೆಗೆ ದಾಟುವುದಿಲ್ಲ. 1978ರಲ್ಲಿ ಡೇಹಾಫ್ ಮತ್ತು ಸಂಗಡಿಗರು 71 ಗುಂಪಿನ ಪ್ರೋಟೀನುಗಳಲ್ಲಿ 1572 ಬದಲಾವಣೆಗಳನ್ನು ಎಣಿಸಿ ಇದನ್ನು ಕೋಷ್ಟಕವಾಗಿಸಿದರು. ಗುಣದಲ್ಲಿ ಹೋಲುವ ಐಸೊಲ್ಯೂಸಿನ್ ಮತ್ತು ವ್ಯಾಲಿನ್ ಸುಲಭವಾಗಿ ಸ್ಥಳ ಬದಲಿಸಿಕೊಳ್ಳುತ್ತವೆ; ಟ್ರಿಪ್ಟೊಫ್ಯಾನ್ ಬದಲಾಗುವುದು ಬಹಳ ಅಪರೂಪ.

ಇಷ್ಟಾದರೂ, ಬೇರೆಯವರು ಕಂಡುಹಿಡಿದದ್ದನ್ನು ಸಂಗ್ರಹಿಸುವುದು ಸಂಶೋಧನೆಯಲ್ಲ ಎಂಬ ಭಾವನೆ ಅಂದಿನ ಹಲವು ವಿಜ್ಞಾನಿಗಳಲ್ಲಿತ್ತು. ಅನುದಾನ ಸಾಲದೆ ಅಟ್ಲಾಸ್ ಮಾರಾಟದ ಹಣವನ್ನೂ ನೆಚ್ಚಿಕೊಳ್ಳಬೇಕಾಯಿತು. ಅವರು ಕೆಲಸ ಬಿಡಲಿಲ್ಲ. ಅಮೆರಿಕದ ಬಯೋಫಿಸಿಕಲ್ ಸೊಸೈಟಿಯ ಅಧ್ಯಕ್ಷರೂ ಆದರು. 1983ರ ಫೆಬ್ರವರಿ 5ರಂದು, 57ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಅವರ ಸಂಗ್ರಹದ ತಳಹದಿಯ ಮೇಲೆಯೇ ಪ್ರೋಟೀನ್ ಮಾಹಿತಿ ಸಂಪನ್ಮೂಲ ಕೇಂದ್ರ ಸ್ಥಾಪನೆಯಾಯಿತು.

ತರಗತಿಯಲ್ಲಿ ಈ ಪಾಠಕ್ಕೆ ಪ್ರಯೋಗಾಲಯ ಬೇಕಿಲ್ಲ. ಮೂರು ನಾಲ್ಕು ಜೀವಿಗಳ ಅನುಕ್ರಮವನ್ನು ರಟ್ಟಿನ ಪಟ್ಟಿಗಳ ಮೇಲೆ ಬರೆದು ಒಂದರ ಕೆಳಗೊಂದು ಇಟ್ಟರೆ ಸಾಕು. ವ್ಯತ್ಯಾಸಗಳನ್ನು ಮಕ್ಕಳೇ ಎಣಿಸಲಿ, ಯಾವ ಜೀವಿ ಯಾವುದಕ್ಕೆ ಹತ್ತಿರದ ನೆಂಟ ಎಂದು ಅವರೇ ಹೇಳಲಿ. ಎಲ್ಲ ಪಟ್ಟಿಗಳಲ್ಲೂ ಒಂದೇ ಆಗಿರುವ ಅಕ್ಷರಗಳಿಗೆ ಬಣ್ಣ ಹಚ್ಚಿಸಿ, ಅವು ಏಕೆ ಬದಲಾಗಲಿಲ್ಲ ಎಂದು ಕೇಳಿದರೆ ನಿಸರ್ಗದ ಆಯ್ಕೆಯ ಪಾಠ ಅಲ್ಲಿಂದಲೇ ಶುರುವಾಗುತ್ತದೆ.