ಹಾಲೇರಿ ವಂಶದ ಕಡೆಯ ಅರಸು

ಮಡಿಕೇರಿಗೆ ಹೋದ ಭಕ್ತರು ಅಲ್ಲಿಯ ಗದ್ದುಗೆಯನ್ನು ಕಾಣದೆ ಹಿಂದಿರುಗುವುದಿಲ್ಲ. ದೊಡ್ಡ ವೀರರಾಜೇಂದ್ರನೂ ಅವನ ತಮ್ಮ ಲಿಂಗರಾಜೇಂದ್ರನೂ ಅಲ್ಲಿ ಸಮಾಧಿಸ್ಥರಾಗಿದ್ದಾರೆ. ಲಿಂಗರಾಜನ ಮಗ ಚಿಕವೀರರಾಜೇಂದ್ರನ ಚರಿತ್ರೆಯನ್ನು ಬರೆಯಲು ಮಾತ್ರ ಈ ಲೇಖನಿ ಕೊಂಚ ಹಿಂಜರಿಯುತ್ತದೆ. ಅವನು ವೀರಶೈವ ಕುಲದ ದೊರೆಯೆಂಬುದೇನೋ ನಿಜ. ಹೊಗಳತಕ್ಕ ದೊರೆಯೆಂದು ಹೇಳಲಾರೆವು.

1820ರಲ್ಲಿ ಪಟ್ಟವೇರಿದ ಈ ತರುಣನು ಸಂಶಯಪಿಶಾಚಿಯ ವಶನಾದನು. ಬಂಧುಗಳನ್ನೇ ಕೊಲ್ಲಿಸಿದನೆಂಬ ಅಪವಾದವು ಅವನ ಮೇಲಿದೆ. ಇದನ್ನು ಹೆಚ್ಚಾಗಿ ಬರೆದಿಟ್ಟವರು ಅವನ ರಾಜ್ಯವನ್ನು ಕಸಿದುಕೊಂಡವರೇ ಎಂಬುದನ್ನು ವಾಚಕರು ಮರೆಯಬಾರದು; ಆದರೂ ಎಲ್ಲವೂ ಕಟ್ಟುಕಥೆಯೆನ್ನಲು ಮನಸ್ಸು ಒಪ್ಪದು. ಒಡಹುಟ್ಟಿದ ದೇವಮ್ಮಾಜಿಯೇ ಪತಿ ಚನ್ನಬಸಪ್ಪನೊಡನೆ 1832ರಲ್ಲಿ ಪ್ರಾಣಭಯದಿಂದ ಮೈಸೂರು ಸೀಮೆಗೆ ಓಡಿಹೋಗಿ ಇಂಗ್ಲಿಷರ ಮರೆಹೊಕ್ಕಳು. ಅವರನ್ನು ಒಪ್ಪಿಸಬೇಕೆಂದು ಅರಸನು ಹಟ ಹಿಡಿದನು, ಕಂಪನಿಯು ಒಪ್ಪಲಿಲ್ಲ. ಸಂಧಾನಕ್ಕೆ ಬಂದ ಕರುಣಾಕರ ಮೆನನ್ ಎಂಬವನನ್ನು ಅರಸನು ಸೆರೆಯಲ್ಲಿಟ್ಟನು.

ಆಗ ಗವರ್ನರ್ ಜನರಲ್ಲನಾಗಿದ್ದವನು ಬೆಂಟಿಂಕ್. 1829ರಲ್ಲಿ ಸಹಗಮನವನ್ನು ನಿಷೇಧಿಸಿದವನೂ, 1831ರಲ್ಲಿ ಮೈಸೂರಿನ ಆಡಳಿತವನ್ನು ದೊರೆಯ ಕೈಯಿಂದ ತೆಗೆದುಕೊಂಡವನೂ ಅವನೇ. 1834ರ ಮಾರ್ಚಿಯಲ್ಲಿ ಹೊರಟ ಘೋಷಣೆಯು ಅರಸನನ್ನು ಪದಚ್ಯುತನೆಂದು ಸಾರಿ, ಪ್ರಜೆಗಳಿಗೆ ಸುಖಕರವಾದ ಆಡಳಿತವನ್ನು ಕೊಡುವುದಾಗಿ ಮಾತು ಕೊಟ್ಟಿತು. ಸುಖವನ್ನು ಹೊತ್ತುತಂದದ್ದು ಕರ್ನಲ್ ಲಿಂಡ್ಸೆಯ ದಂಡು! ಆ ಸುಖವನ್ನು ಒಲ್ಲದ ಕೊಡಗರು ಉತ್ತರದ ಗಡಿಯಲ್ಲಿ ಹಿಮ್ಮೆಟ್ಟಿಸಿ ಕಾದಿದರು. ದಿವಾನ ಬೋಪುವು ರಾಜಿಯ ಮಾತಿನೊಡನೆ ಎದುರುಗೊಂಡನು. ಏಪ್ರಿಲ್ 6ರಂದು ಮಡಿಕೇರಿ ಕೋಟೆಯ ಮೇಲೆ ಕಂಪನಿಯ ಬಾವುಟವೇರಿತು; ನಾಲ್ಕುನಾಡಿನ ಅರಮನೆಯಲ್ಲಿದ್ದ ಅರಸನು ಬಂದು ಶರಣಾದನು.

ಮೇ 7ರಂದು ಕರ್ನಲ್ ಫ್ರೇಸರನು, ಜನರ ಏಕಮತದ ಇಚ್ಛೆಯಂತೆ ಕೊಡಗನ್ನು ಕಂಪನಿಗೆ ಸೇರಿಸಿದುದಾಗಿ ಸಾರಿದನು. ದಂಡು ಅಂಗಳದಲ್ಲಿ ಬೀಡುಬಿಟ್ಟಿರುವಾಗ ಕೇಳಿದ ಇಚ್ಛೆ ಎಂತಹುದು? ಬಸವಣ್ಣನವರಿಗೆ ಬಿಜ್ಜಳನ ಆಸ್ಥಾನದಲ್ಲಿ ಅಧಿಕಾರವಿತ್ತು. ಅನುಭವಮಂಟಪಕ್ಕೆ ಅವರು ಯಾರನ್ನೂ ರಾಜಭಟರಿಂದ ಎಳೆತರಿಸಲಿಲ್ಲ. ಇತ್ತ ಕೊಡಗಿನಿಂದ ಬೇರ್ಪಡಿಸಿದ ಅಮರ ಸುಳ್ಯದಲ್ಲಿ, ಧಾನ್ಯರೂಪದ ಕಂದಾಯವನ್ನು ಹಣದಲ್ಲಿ ಕೇಳಿದುದರಿಂದ ರೈತರು ಬಳಲಿ, ಮೂರೇ ವರ್ಷಗಳಲ್ಲಿ, 1837ರಲ್ಲಿ, ಹಾಲೇರಿಯ ಹೆಸರೆತ್ತಿ ದಂಗೆಯೆದ್ದು ಮಂಗಳೂರನ್ನೂ ಕೆಲದಿನ ಹಿಡಿದರು. ಅದನ್ನಡಗಿಸಲು ಅನೇಕ ಕೊಡವರು ಕಂಪನಿಗೆ ನೆರವಾಗಿ ಪದಕ ಪಡೆದರೆಂಬುದನ್ನೂ ಹೇಳದಿದ್ದರೆ ಚರಿತ್ರೆಗೆ ಅಪಚಾರವಾದೀತು. ಏಕಮತವೆಂಬುದು ಮಾತ್ರ ಎಲ್ಲಿಯೂ ಇರಲಿಲ್ಲ. ಪ್ರಜೆಗಳ ಹೆಸರಿನಲ್ಲಿ ಪಡೆದ ನಾಡಿಗೆ ಶಾಸನಸಭೆ ಬಂದದ್ದು 1924ರಲ್ಲಿ. ತೊಂಬತ್ತು ವರ್ಷ ಕಮಿಷನರುಗಳ ಮಾತೇ ಮಾತು.

ಅರಸನನ್ನು ವೆಲ್ಲೂರಿಗೂ ಅಲ್ಲಿಂದ ಕಾಶಿಗೂ ಕಳುಹಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದನು. ಆಕೆ ಅಲ್ಲಿ ಕ್ರೈಸ್ತಳಾದಳು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನಿಟ್ಟಳು. ದೊಡ್ಡ ವೀರರಾಜನು ಕಂಪನಿಯಲ್ಲಿಟ್ಟಿದ್ದ ಹಣಕ್ಕಾಗಿ ಅರಸನು ಅಲ್ಲಿಯ ನ್ಯಾಯಾಲಯದ ಮೆಟ್ಟಿಲೇರಿದನು. ಖಡ್ಗದಿಂದ ಆಳಿದವನು ಕಾಗದ ಹಿಡಿದು ನ್ಯಾಯ ಬೇಡಬೇಕಾಯಿತು. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡನು. ಮಡಿಕೇರಿಯ ಗದ್ದುಗೆಯಲ್ಲಿ ತಂದೆಯ ಮಗ್ಗುಲಲ್ಲಿ ಅವನಿಗೆ ಸ್ಥಳವಾಗಲಿಲ್ಲ.