ಶಿಸ್ತನ್ನೇ ಸಂಪತ್ತಾಗಿಸಿಕೊಂಡ ಕಲಾತಪಸ್ವಿ ಕೆ. ವೆಂಕಟಪ್ಪ

ಮೈಸೂರು: ಚಿತ್ರಕಾರನ ಮನೆ ಎಂದೊಡನೆ ಚೆಲ್ಲಾಡಿದ ಬಣ್ಣ, ಒಣಗಿದ ಕುಂಚ, ಮೂಲೆ ಸೇರಿದ ಅಪೂರ್ಣ ಚಿತ್ರಗಳು ಕಣ್ಮುಂದೆ ಬರುತ್ತವೆ. ಈ ಕಲ್ಪನೆಗೆ ತದ್ವಿರುದ್ಧವಾಗಿ ಬಾಳಿದವರು ಮೈಸೂರಿನ ಕೆ. ವೆಂಕಟಪ್ಪ. ಬೇಕಾದುದನ್ನಷ್ಟೇ ಇರಿಸಿಕೊಂಡು ಉಳಿದುದನ್ನು ಬದುಕಿನಿಂದಲೇ ದೂರವಿಟ್ಟ ಕಲಾವಿದ ಅವರು.

ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಜನಿಸಿದ ವೆಂಕಟಪ್ಪ ಅವರ ಪ್ರತಿಭೆಯನ್ನು ಗುರುತಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಮಹಾರಾಜರ ನೆರವಿನಿಂದ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ್ ಬೋಸ್ ಅವರ ಸಹಪಾಠಿ. ಸೋದರಿ ನಿವೇದಿತಾ ಆರಂಭಿಸಿ ಆನಂದ ಕುಮಾರಸ್ವಾಮಿ ಪೂರ್ಣಗೊಳಿಸಿದ, 1913ರಲ್ಲಿ ಪ್ರಕಟವಾದ ಪುರಾಣಕಥಾ ಗ್ರಂಥದಲ್ಲಿ ಅವರ ರಾಮಾಯಣ ಚಿತ್ರಗಳಿವೆ.

ಮೈಸೂರಿಗೆ ಮರಳಿದ ಬಳಿಕ ಅವರ ದಿನಚರಿ ವ್ರತದಂತಾಯಿತು. ಜಲವರ್ಣ ತಪ್ಪನ್ನು ಕ್ಷಮಿಸದ ಮಾಧ್ಯಮ. ತೆಳುವಾದ ಪದರದ ಮೇಲೆ ಪದರ ಹರಿಸುವಾಗ ನೀರು ಕಲಕಿದರೆ, ಕುಂಚದಲ್ಲಿ ಹಳೆಯ ಬಣ್ಣ ಉಳಿದರೆ, ಹಸಿ ಕಾಗದದ ಮೇಲೆ ಧೂಳು ಕುಳಿತರೆ ದಿನಗಳ ಶ್ರಮ ವ್ಯರ್ಥ. ಆದ್ದರಿಂದ ಇಲ್ಲಿ ಅಚ್ಚುಕಟ್ಟು ಎಂಬುದು ಅಲಂಕಾರವಲ್ಲ, ಕಸುಬಿನ ಭಾಗವೇ. ಊಟಿ, ಕೊಡೈಕೆನಾಲ್‌ಗಳ ಮಂಜು ಮತ್ತು ಬೆಳಕನ್ನು ಹಿಡಿದ ಅವರ ನಿಸರ್ಗ ಚಿತ್ರಗಳೇ ಇದಕ್ಕೆ ಸಾಕ್ಷಿ. ದಿನದ ಕೆಲಸವನ್ನೂ ಖರ್ಚುವೆಚ್ಚವನ್ನೂ ಡೈರಿಯಲ್ಲಿ ದಾಖಲಿಸುತ್ತಿದ್ದ ಅವರು ಅವಿವಾಹಿತರಾಗಿಯೇ ಉಳಿದರು.

ಕುಂಚದೊಂದಿಗೆ ಅವರ ಬದುಕಿನಲ್ಲಿ ಜಾಗ ಪಡೆದದ್ದು ವೀಣೆ. ವೀಣೆ ಶೇಷಣ್ಣನವರಲ್ಲಿ ನಿಷ್ಠೆಯಿಂದ ಕಲಿತರು. ಎರಡು ಕಲೆಗಳ ನಡುವಿನ ಸೆಳೆತ ಅವರನ್ನು ಕಾಡದಿರಲಿಲ್ಲ. ತಮ್ಮ ವೀಣೆಯ ಹುಚ್ಚನ್ನೇ ವಸ್ತುವಾಗಿಸಿ ಚಿತ್ರವೊಂದನ್ನೂ ರಚಿಸಿದರು. ಮುಂದೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನೂ ನಿರ್ಮಿಸಿದರು.

1940ರಲ್ಲಿ ನಾಲ್ವಡಿಯವರ ನಿಧನದೊಂದಿಗೆ ಅವರ ಬಹುದೊಡ್ಡ ಆಸರೆ ಕಳಚಿತು. ಹುಟ್ಟೂರು ತೊರೆದು ಬೆಂಗಳೂರಿನಲ್ಲಿ ನೆಲೆಸಿದ ವೆಂಕಟಪ್ಪ ಏಕಾಂತವನ್ನೇ ಆರಿಸಿಕೊಂಡರು. ಕೃತಿಗಳನ್ನು ಮಾರುಕಟ್ಟೆಯ ಸರಕಾಗಿಸಲು ಅವರಿಗೆ ಮನಸ್ಸಿರಲಿಲ್ಲ. ಅದರಿಂದ ಅವರಿಗೆ ಸಿರಿತನ ಒಲಿಯಲಿಲ್ಲ ನಿಜ. ಆದರೆ 1965ರಲ್ಲಿ ಅವರು ಕಣ್ಮುಚ್ಚಿದಾಗ ಕೃತಿಗಳ ದೊಡ್ಡ ಭಾಗ ಚದುರದೆ ಉಳಿದಿತ್ತು.

ಕಲಾವಿದ ಅಗಲಿದ ನಂತರ ಅವನ ಕೋಣೆಯಲ್ಲಿದ್ದುದು ಏನಾಗಬೇಕು ಎಂಬ ಪ್ರಶ್ನೆಗೆ ಸರ್ಕಾರ ನೀಡಿದ ಉತ್ತರವೇ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1970ರ ದಶಕದಲ್ಲಿ ತೆರೆದ ವೆಂಕಟಪ್ಪ ಕಲಾ ಗ್ಯಾಲರಿ. ಅದರ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನದ ಸಹಭಾಗಿತ್ವಕ್ಕೆ ಒಪ್ಪಿಸುವ 2015ರ ಒಪ್ಪಂದವನ್ನು ಕಲಾವಿದರು ಬೀದಿಗಿಳಿದು ವಿರೋಧಿಸಿದರು. ಒಬ್ಬ ವ್ಯಕ್ತಿ ಜೀವಮಾನವಿಡೀ ಜೋಪಾನ ಮಾಡಿದ್ದನ್ನು ಅಷ್ಟೇ ಎಚ್ಚರದಿಂದ ಕಾಯುವ ಹೊಣೆ ಈಗ ನಾಡಿನದು.