ಆನ್ಸೆಲ್ ಕೀಸ್

ಆನ್ಸೆಲ್ ಬೆಂಜಮಿನ್ ಕೀಸ್ (26 ಜನವರಿ 1904 – 20 ನವೆಂಬರ್ 2004) ಅಮೆರಿಕದ ಶರೀರಕ್ರಿಯಾ ವಿಜ್ಞಾನಿ. ಆಹಾರದ ಕೊಬ್ಬಿಗೂ ಹೃದ್ರೋಗಕ್ಕೂ ಇರುವ ಸಂಬಂಧವನ್ನು ಕುರಿತ ಇವರ ಸಂಶೋಧನೆಗಳು ಹಲವು ದೇಶಗಳ ಅಧಿಕೃತ ಆಹಾರ ಸಲಹೆಗಳಿಗೆ ತಳಹದಿಯಾದವು. ಮೊಟ್ಟೆಯ ಹಳದಿ ಭಾಗವನ್ನು ತಿನ್ನಬಾರದೆಂಬ ಸಲಹೆಗೂ ಇವರೇ ಕಾರಣರೆಂದು ಅನೇಕರು ಭಾವಿಸಿದ್ದಾರೆ. ಈ ಭಾವನೆ ಪೂರ್ತಿ ಸರಿಯಲ್ಲ.

ಬಾಲ್ಯ ಮತ್ತು ಶಿಕ್ಷಣ

ಕೀಸ್ ಕೊಲರಾಡೊ ಸ್ಪ್ರಿಂಗ್ಸ್ ನಗರದಲ್ಲಿ ಜನಿಸಿದರು, ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಹದಿಹರೆಯದಲ್ಲಿ ಮನೆ ಬಿಟ್ಟು ಹೋಗಿ ಮರ ಕಡಿಯುವ ಶಿಬಿರದಲ್ಲಿಯೂ ಕೊಲರಾಡೊದ ಗಣಿಯೊಂದರಲ್ಲಿಯೂ ದುಡಿದರು. ಕೋಲಾರದ ಚಿನ್ನದ ಗಣಿಗಳಲ್ಲಿ ನಡೆಯುತ್ತಿದ್ದಂತೆ ಅಲ್ಲಿಯೂ ಬಂಡೆಯನ್ನು ಸಿಡಿಮದ್ದಿನಿಂದ ಒಡೆಯುತ್ತಿದ್ದರು. ಆ ಮದ್ದನ್ನು ಹೊತ್ತೊಯ್ಯುವುದು ಈ ಹುಡುಗನ ಕೆಲಸ. ಮುಂದೆ ಬರ್ಕ್ಲಿಯಲ್ಲಿ ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಪದವಿ ಪಡೆದು, ಅನಂತರ ಜೀವವಿಜ್ಞಾನದತ್ತ ತಿರುಗಿ, ಎರಡು ಡಾಕ್ಟರೇಟ್‌ಗಳನ್ನು ಗಳಿಸಿದರು.

ಹಸಿವಿನ ಅಧ್ಯಯನ

ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಇವರು ಸ್ಥಾಪಿಸಿದ ಪ್ರಯೋಗಾಲಯವು ಫುಟ್‌ಬಾಲ್ ಕ್ರೀಡಾಂಗಣದ ಕೆಳಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ನೀಡಿದ ಕೆ-ರೇಷನ್ ಎಂಬ ಆಹಾರದ ಪೊಟ್ಟಣ ಇವರ ಕೊಡುಗೆ. 1944–45ರಲ್ಲಿ, ಯುದ್ಧದಲ್ಲಿ ಭಾಗವಹಿಸಲು ಆತ್ಮಸಾಕ್ಷಿಯ ಕಾರಣದಿಂದ ನಿರಾಕರಿಸಿದ್ದ 36 ಯುವಕರು ಸ್ವಇಚ್ಛೆಯಿಂದ ಇಲ್ಲಿ ಅರೆಹೊಟ್ಟೆಯಲ್ಲಿ ಬದುಕಿದರು. ಹಸಿದವರಿಗೆ ಮತ್ತೆ ಉಣಿಸುವ ಬಗೆಯನ್ನು ತಿಳಿಯುವುದು ಈ ಪ್ರಯೋಗದ ಉದ್ದೇಶವಾಗಿತ್ತು. ಇದರ ಫಲಿತಾಂಶವು 1950ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು.

ಕೊಬ್ಬು ಮತ್ತು ಕೊಲೆಸ್ಟರಾಲ್

ಯುದ್ಧಾನಂತರ ಅಮೆರಿಕದಲ್ಲಿ ಉಂಡುಟ್ಟು ಸುಖವಾಗಿದ್ದ ನಡುವಯಸ್ಸಿನ ಪುರುಷರು ಹೃದಯಾಘಾತದಿಂದ ಸಾಯುತ್ತಿದ್ದುದು ಕೀಸ್ ಅವರ ಗಮನ ಸೆಳೆಯಿತು. ಇಟಲಿಯ ನೇಪಲ್ಸ್‌ನ ಶ್ರಮಜೀವಿಗಳಲ್ಲಿ ಈ ರೋಗ ವಿರಳವೆಂದು ಕೇಳಿ, ಜೀವರಸಾಯನ ವಿಜ್ಞಾನಿಯಾಗಿದ್ದ ಪತ್ನಿ ಮಾರ್ಗರೆಟ್ ಅವರೊಡನೆ ಅಲ್ಲಿಗೆ ಹೋದರು. ಮಾರ್ಗರೆಟ್ ರಕ್ತದ ಕೊಲೆಸ್ಟರಾಲ್ ಅಳೆದರು.

1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್‌ಕೋವ್ ಅವರು ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ ರಕ್ತನಾಳಗಳು ಕೆಡುವುದನ್ನು ತೋರಿಸಿದ್ದರು. ಮೊಲವಾದರೋ ಸಸ್ಯಾಹಾರಿ, ಮನುಷ್ಯನ ಯಕೃತ್ತು ತಾನೇ ಕೊಲೆಸ್ಟರಾಲನ್ನು ತಯಾರಿಸುತ್ತದೆ, ಆಹಾರದಿಂದ ಹೆಚ್ಚು ಬಂದಾಗ ತನ್ನ ತಯಾರಿಕೆಯನ್ನು ತಗ್ಗಿಸುತ್ತದೆ. ಕೀಸ್ ಮತ್ತು ಸಂಗಡಿಗರು 1956ರ ಪ್ರಬಂಧದಲ್ಲಿ, ಮನುಷ್ಯರ ಸಾಮಾನ್ಯ ಆಹಾರದಲ್ಲಿರುವ ಕೊಲೆಸ್ಟರಾಲ್‌ನಿಂದ ರಕ್ತದ ಕೊಲೆಸ್ಟರಾಲ್ ಗಣನೀಯವಾಗಿ ಏರುವುದಿಲ್ಲವೆಂದು ವರದಿ ಮಾಡಿದರು. ಬೆಣ್ಣೆ, ತುಪ್ಪ, ಮಾಂಸಗಳಲ್ಲಿರುವ ಪರ್ಯಾಪ್ತ ಕೊಬ್ಬನ್ನೇ ಇವರು ಮುಖ್ಯ ಕಾರಣವೆಂದು ಬಗೆದರು. 1965ರ ಲೆಕ್ಕಾಚಾರದಲ್ಲಿ ಆಹಾರದ ಕೊಲೆಸ್ಟರಾಲ್‌ಗೂ ಸ್ವಲ್ಪ ಪಾತ್ರವಿದೆಯೆಂದು ಒಪ್ಪಿದರು.

ಏಳು ದೇಶಗಳ ಅಧ್ಯಯನ

1958ರಲ್ಲಿ ಅಮೆರಿಕ, ಫಿನ್‌ಲ್ಯಾಂಡ್, ನೆದರ್‌ಲ್ಯಾಂಡ್ಸ್, ಇಟಲಿ, ಯುಗೊಸ್ಲಾವಿಯಾ, ಗ್ರೀಸ್, ಜಪಾನ್‌ಗಳಲ್ಲಿ 40ರಿಂದ 59 ವಯಸ್ಸಿನ ಸುಮಾರು 12,700 ಪುರುಷರನ್ನು ಒಳಗೊಂಡ ದೀರ್ಘಕಾಲದ ಅಧ್ಯಯನ ಆರಂಭವಾಯಿತು. ಇದಕ್ಕೂ ಹಿಂದಿನ, 1953ರ ಇವರ ಆರು ದೇಶಗಳ ಹೋಲಿಕೆಗೆ ತೀವ್ರ ಟೀಕೆ ಬಂದಿತ್ತು: 22 ದೇಶಗಳ ಅಂಕಿಅಂಶಗಳನ್ನು ಸೇರಿಸಿದರೆ ಸಂಬಂಧ ಅಷ್ಟು ಬಲವಾಗಿ ಕಾಣದೆಂದು 1957ರಲ್ಲಿ ಯೆರುಶಾಲ್ಮಿ ಮತ್ತು ಹಿಲ್ಲೆಬೋ ತೋರಿಸಿದರು. ಈ ಎರಡು ಅಧ್ಯಯನಗಳನ್ನು ಒಂದೇ ಎಂದು ಬರೆಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಭಾರತವು ಏಳು ದೇಶಗಳಲ್ಲಿ ಇರಲಿಲ್ಲ. 1967ರಲ್ಲಿ ಎಸ್. ಎಲ್. ಮಲ್ಹೋತ್ರಾ ಅವರು ರೈಲ್ವೆ ನೌಕರರನ್ನು ಪರಿಶೀಲಿಸಿ, ಹಾಲು-ತುಪ್ಪ ಹೆಚ್ಚು ಬಳಸುವ ಉತ್ತರ ಭಾರತದವರಿಗಿಂತ ದಕ್ಷಿಣದವರಲ್ಲೇ ಹೃದ್ರೋಗದ ಸಾವು ಹೆಚ್ಚೆಂದು ಪ್ರಕಟಿಸಿದರು.

ಅಧಿಕೃತ ಸಲಹೆಗಳು

1961ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೊಬ್ಬನ್ನು ಕುರಿತು ನೀಡಿದ ವರದಿಯನ್ನು ಸಿದ್ಧಪಡಿಸಿದವರಲ್ಲಿ ಕೀಸ್ ಒಬ್ಬರು. ಅದೇ ವರ್ಷ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಇವರ ಚಿತ್ರ ಬಂದಿತು. 1968ರಲ್ಲಿ ಆ ಸಂಸ್ಥೆಯು ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್, ವಾರಕ್ಕೆ ಮೂರು ಮೊಟ್ಟೆಯ ಹಳದಿ ಎಂಬ ಮಿತಿಯನ್ನು ಹೇರಿತು. ಒಂದು ಮೊಟ್ಟೆಯಲ್ಲಿ ಸುಮಾರು 200 ಮಿಲಿಗ್ರಾಂ ಇರುವುದರಿಂದ ಬಡವರಿಗೂ ಎಟುಕುವ ಪೌಷ್ಟಿಕ ಆಹಾರವೊಂದು ದಶಕಗಳ ಕಾಲ ಸಂದೇಹಕ್ಕೆ ಗುರಿಯಾಯಿತು.

ಕೊನೆಯ ವರ್ಷಗಳು

1972ರಲ್ಲಿ ನಿವೃತ್ತರಾದ ಕೀಸ್, ಅದೇ ವರ್ಷ ದೇಹದ ತೂಕ ಮತ್ತು ಎತ್ತರವನ್ನು ಹೋಲಿಸುವ ಹಳೆಯ ಸೂತ್ರಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರು ಕೊಟ್ಟರು. ಬಳಿಕ ಇಟಲಿಯ ಪಿಯೊಪ್ಪಿ ಎಂಬ ಕಡಲತೀರದ ಹಳ್ಳಿಯಲ್ಲಿ ಬಹುಕಾಲ ವಾಸಿಸಿದರು. ನೂರು ವರ್ಷ ತುಂಬಿದ ವರ್ಷವೇ ಮಿನ್ನಿಯಾಪೊಲಿಸ್‌ನಲ್ಲಿ ನಿಧನರಾದರು. 2016ರ ಜನವರಿಯಲ್ಲಿ ಪ್ರಕಟವಾದ ಅಮೆರಿಕ ಸರ್ಕಾರದ ಆಹಾರ ಮಾರ್ಗಸೂಚಿಯಲ್ಲಿ 300 ಮಿಲಿಗ್ರಾಂ ಎಂಬ ಮಿತಿ ಇರಲಿಲ್ಲ. ಪರ್ಯಾಪ್ತ ಕೊಬ್ಬಿನ ಮೇಲಿನ ಮಿತಿಯನ್ನು ಮಾತ್ರ ಉಳಿಸಿಕೊಳ್ಳಲಾಗಿತ್ತು.